ಸ್ವಾತಿ ಮಳೆ ಕಳೆಯಲಿ, ಆಮೇಲೆ ಕತ್ತರಿ
ಗುಲಾಬಿ ಗಿಡ ಸವರುವುದಕ್ಕೆ ಬಹಳ ಜನರಿಗೆ ಕೈಯೇ ಬರುವುದಿಲ್ಲ. "ಇನ್ನೂ ಮೊಗ್ಗಿದೆಯಲ್ಲಾ, ಅರಳಿಬಿಡಲಿ" ಅಂತ ಮುಂದೂಡಿ ಮುಂದೂಡಿ ಗಿಡ ಆಳೆತ್ತರ ಆಗುತ್ತೆ. ಬುಡ ಬೋಳು, ತುದಿಯಲ್ಲಿ ಅಂಗಿ ಗುಂಡಿಯಷ್ಟು ಹೂ. ಆಮೇಲೆ ಗೊಬ್ಬರ ಸಾಲದು ಅಂತ ದೂರು ಬೇರೆ.

ಮೈಸೂರು, ಬೆಂಗಳೂರು ಕಡೆ ದೊಡ್ಡ ಕಟಾವಿಗೆ ನವೆಂಬರ್ ಸರಿ. ಚಿತ್ತಾ, ಸ್ವಾತಿ ಎರಡೂ ಮಳೆ ಕಳೆಯಲಿ. ಒಂದು ವರ್ಷ ನವರಾತ್ರಿ ಮುಗಿದ ಮರುದಿನವೇ, ತುಂತುರು ಬೀಳುತ್ತಿದ್ದಾಗ ಉತ್ಸಾಹದಲ್ಲಿ ಎಲ್ಲ ಗಿಡಕ್ಕೂ ಕತ್ತರಿ ಹಾಕಿಬಿಟ್ಟೆ. ಕತ್ತರಿಸಿದ ತುದಿಯಿಂದ ಕಪ್ಪು ಹಿಡಿದು, ಕಡ್ಡಿಗಳು ಮೇಲಿಂದ ಕೆಳಕ್ಕೆ ಒಣಗುತ್ತಾ ಬಂದು, ಡಿಸೆಂಬರ್ ಹೊತ್ತಿಗೆ ಎರಡು ಗಿಡ ಹೋದವು. ಮಲೆನಾಡಿನವರಂತೂ ಮಳೆಗಾಲದಲ್ಲಿ ಕತ್ತರಿ ಮುಟ್ಟಲೇಬೇಡಿ.

ಕತ್ತರಿಸಿದ ದಿನದಿಂದ ಹೂ ಅರಳಲು ಸುಮಾರು 45ರಿಂದ 50 ದಿನ ಬೇಕು. ಆಳವಾಗಿ ಕತ್ತರಿಸಿದ್ದರೆ, ಚಳಿ ಜೋರಿದ್ದರೆ ಇನ್ನೊಂದಿಷ್ಟು ದಿನ. ಹಾಗಾಗಿ ನಾನು ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸುತ್ತೇನೆ. ಸಂಕ್ರಾಂತಿಗೆ ಹೂ ಬೇಕೆಂದರೆ ನವೆಂಬರ್ ಕೊನೆಯ ವಾರ. ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ ನಿಮ್ಮ ಅಂಗಳದಲ್ಲೂ ಒಂದು ಪ್ರದರ್ಶನ ಇರಲಿ ಅನ್ನುವವರು ಡಿಸೆಂಬರ್ ಮೊದಲ ವಾರ ದಾಟಿಸಬೇಡಿ.

ಎಷ್ಟು ಕತ್ತರಿಸಬೇಕು? ಗಿಡದ ವಯಸ್ಸು, ಜಾತಿ ಎರಡನ್ನೂ ನೋಡಿ. ನೆಟ್ಟು ವರ್ಷ ತುಂಬದ ಗಿಡಕ್ಕೆ ತುದಿ ಚಿವುಟಿದರೆ ಸಾಕು. ಉದ್ದ ತೊಟ್ಟಿನ ದೊಡ್ಡ ಹೂವಿನ ಹೈಬ್ರಿಡ್ ಟೀ ಗಿಡವಾದರೆ ಮೊದಲು ಒಣಗಿದ್ದು, ಒಳಮುಖವಾಗಿ ಒಂದಕ್ಕೊಂದು ಉಜ್ಜುವುದು, ಪೆನ್ಸಿಲ್‌ಗಿಂತ ಸಣಕಲು ಕಡ್ಡಿ ಎಲ್ಲ ತೆಗೆಯಿರಿ. ಉಳಿದ ನಾಲ್ಕೈದು ಗಟ್ಟಿ ಕಡ್ಡಿಗಳನ್ನು ಅರ್ಧದಷ್ಟು ಇಳಿಸಿ, ಒಂದೂವರೆ ಎರಡು ಅಡಿ ಉಳಿಯಲಿ. ಹಿಮ ಬೀಳುವ ದೇಶದವರು ಗೇಣುದ್ದಕ್ಕೆ ಕತ್ತರಿಸುವ ವಿಡಿಯೋ ನೋಡಿ ನೀವೂ ಹಾಗೆ ಮಾಡಬೇಡಿ. ಅಲ್ಲಿ ಗಿಡ ಚಳಿಗಾಲ ಪೂರ್ತಿ ನಿದ್ದೆ ಮಾಡಿ ಏಳುತ್ತದೆ, ನಮ್ಮದು ವರ್ಷವಿಡೀ ಎಚ್ಚರವಾಗಿಯೇ ಇರುತ್ತದೆ. ಗೊಂಚಲು ಹೂವಿನದಕ್ಕೆ ಮೂರನೇ ಒಂದು ಭಾಗ ತೆಗೆದರೆ ಸಾಕು. ಬಟನ್ ರೋಸ್‌ಗೆ ತಲೆ ಸಮ ಮಾಡಿದರಾಯಿತು. ಹಬ್ಬುವ ಬಳ್ಳಿಗೆ ಒಣಗಿದ್ದು ಬಿಟ್ಟು ಬೇರೇನೂ ಮುಟ್ಟಬೇಡಿ.

ಕತ್ತರಿಸಿದ ಜಾಗ ನೋಡಿ: ನಡುವಿನ ತಿರುಳು ಬಿಳಿಯಿದ್ದರೆ ಜೀವ ಇದೆ, ಕಂದಾಗಿದ್ದರೆ ಇನ್ನೂ ಕೆಳಗೆ ಹೋಗಿ. ಹೊರಮುಖದ ಕಣ್ಣಿನಿಂದ (ಚಿಗುರು ಒಡೆಯುವ ಜಾಗ) ಕಾಲಿಂಚು ಮೇಲೆ, ಓರೆಯಾಗಿ, ಒಂದೇ ಏಟಿಗೆ. ಮೊಂಡು ಕತ್ತರಿಯಲ್ಲಿ ಜಜ್ಜಿದರೆ ಅಲ್ಲಿಂದಲೇ ಕೊಳೆ ಶುರು. ನಮ್ಮತ್ತೆ ಗಾಯಕ್ಕೆ ಸಗಣಿ ಮೆತ್ತುತ್ತಿದ್ದರು. ನಾನು ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಕಲಸಿ ಹಳೇ ಬ್ರಷ್‌ನಲ್ಲಿ ಬಳಿಯುತ್ತೇನೆ. ಗೊಬ್ಬರಕ್ಕೆ ಅವಸರ ಬೇಡ. ಕೆಂಪು ಚಿಗುರು ಕಂಡ ಮೇಲೆ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಆಗ ಬುಡದ ಮೇಲೂ ಕಣ್ಣಿರಲಿ. ಕಸಿ ಗಂಟಿನ (ಕಾಡು ಗುಲಾಬಿಯ ಬೇರಿಗೆ ಒಳ್ಳೇ ಜಾತಿಯನ್ನು ಕೂಡಿಸಿದ ಜಾಗ) ಕೆಳಗಿನಿಂದ ಭಾರೀ ಹುರುಪಿನಲ್ಲಿ ಒಂದು ಕಡ್ಡಿ ಎದ್ದರೆ ಖುಷಿಪಡಬೇಡಿ, ಅದು ಕಾಡು ಬೇರಿನದು. ಒಂದು ಎಲೆಯಲ್ಲಿ ಏಳು ದಳ ಇದ್ದರೆ ಅನುಮಾನಪಡಿ ಅನ್ನುತ್ತಾರೆ, ಆದರೆ ಕೆಲವು ಒಳ್ಳೇ ಜಾತಿಗೂ ಏಳಿರುತ್ತದೆ. ಮಣ್ಣು ಕೆದಕಿ ಎಲ್ಲಿಂದ ಹೊರಟಿದೆ ನೋಡಿ, ಅಲ್ಲಿಂದಲೇ ಸಿಗಿದು ತೆಗೆಯಿರಿ. ಮೇಲೆ ಕತ್ತರಿಸಿದರೆ ಒಂದಿದ್ದದ್ದು ಮೂರಾಗಿ ಬರುತ್ತದೆ.

ಕತ್ತರಿಸಿದ ಕಡ್ಡಿಗಳಲ್ಲಿ ಪನ್ನೀರ್ ಗುಲಾಬಿಯದಿದ್ದರೆ ಎಸೆಯಬೇಡಿ. ಗೇಣುದ್ದ ಮಾಡಿ ನೆರಳಲ್ಲಿ ಚುಚ್ಚಿಡಿ. ಪಕ್ಕದ ಮನೆಯವರು ಹೇಗೂ ಕೇಳುತ್ತಾರೆ.