10 ನ್ಯಾನೋಮೀಟರ್ ಚಿನ್ನದ ಮೇಲೆ ಕ್ಯಾಸಿಮಿರ್ ಸೆಳೆತ ಅಳೆದದ್ದು

ಕೊನೆಗೂ ಸಿಕ್ಕಿತು. ಕ್ಯಾಸಿಮಿರ್ ಸೆಳೆತ ಅಂದರೆ ಚಾರ್ಜ್ ಇಲ್ಲದ ಎರಡು ಮೈಗಳು ತೀರಾ ಹತ್ತಿರ ಬಂದಾಗ ಅವುಗಳ ನಡುವೆ ಹುಟ್ಟುವ, ಕ್ವಾಂಟಮ್ ಕಾರಣದ ಸಣ್ಣ ಸೆಳೆತ. 200 ಮೈಕ್ರಾನ್ ಅಗಲದ ಚಿನ್ನ ಹಚ್ಚಿದ ಗುಂಡು, ಎದುರಿಗೆ ಗಾಜಿನ ಮೇಲೆ ಚಿನ್ನದ ಪದರ, ನಡುವೆ 100 ನ್ಯಾನೋಮೀಟರ್. ದಪ್ಪ ಪದರಕ್ಕೆ ಹೆಚ್ಚುಕಮ್ಮಿ 130 ಪಿಕೋನ್ಯೂಟನ್ (ಒಂದು ಪಿಕೋ ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಭಾಗ) ಬಂತು, 10 ನ್ಯಾನೋಮೀಟರ್ ಪದರಕ್ಕೆ 110ರ ಆಸುಪಾಸು. ಪದರ ಸ್ಕಿನ್ ಡೆಪ್ತ್‌ಗಿಂತ, ಅಂದರೆ ಬೆಳಕು ಲೋಹದೊಳಗೆ ಇಳಿಯುವ ಆಳಕ್ಕಿಂತ, ತೆಳುವಾದರೆ ಸೆಳೆತ ಕುಗ್ಗುತ್ತದೆ ಅಂತ ಹಾರ್ವರ್ಡ್‌ನವರು 2005ರಲ್ಲೇ ಪಲ್ಲಾಡಿಯಂನಲ್ಲಿ ತೋರಿಸಿದ್ದರು. ನಮ್ಮ ಹಳೇ ಎಎಫ್‌ಎಮ್‌ನಲ್ಲಿ (ಸಣ್ಣ ಬಲವನ್ನೂ ಅಳೆಯುವ ಸೂಕ್ಷ್ಮದರ್ಶಕ) ಅದು ಕಾಣುತ್ತದೆ ಅಂತ ಮಾತ್ರ ಯಾರೂ ನಂಬಲಿಲ್ಲ.

"ಅದು ಕ್ಯಾಸಿಮಿರ್ ಅಲ್ಲಪ್ಪ, ಬರೀ ಚಾರ್ಜು" ಅಂತ ನಮ್ಮ ಹಿರಿಯರೊಬ್ಬರು ಎರಡು ವರ್ಷ ಹೇಳಿದರು. ಅವರ ಅನುಮಾನ ಸರಿಯೇ ಇತ್ತು. ಇದೇ ಗುಂಡಿಗೆ, ಇದೇ ದೂರದಲ್ಲಿ, ಎರಡು ಮೈಗಳ ನಡುವೆ 100 ಮಿಲಿವೋಲ್ಟ್ ಉಳಿದರೆ ಅದೇ 280 ಪಿಕೋನ್ಯೂಟನ್ ಎಳೆಯುತ್ತದೆ!

ನಾನು ಮಾಡಿದ ತಪ್ಪು ಇದು. ಒಂದು ಮೈಕ್ರಾನ್ ದೂರದಲ್ಲಿ ಹಾಗೆ ಉಳಿದದ್ದನ್ನು ಸರಿದೂಗಿಸಲು ಕೊಡಬೇಕಾದ ವೋಲ್ಟೇಜ್ ಕಂಡುಹಿಡಿದು, ಅದನ್ನೇ ಕೊನೆವರೆಗೂ ಇಟ್ಟೆ. ಅಲ್ಲಿ 60 ಮಿಲಿವೋಲ್ಟ್ ಇದ್ದದ್ದು ಹತ್ತಿರ ಬಂದಂತೆ 30ಕ್ಕೆ ಇಳಿಯುತ್ತಿತ್ತು. ಆ 30ರ ವ್ಯತ್ಯಾಸಕ್ಕೇ 25 ಪಿಕೋನ್ಯೂಟನ್ ಸುಳ್ಳು ಸೆಳೆತ. ನಾನು ಹುಡುಕುತ್ತಿದ್ದದ್ದೇ 20! ಈಗ ಪ್ರತಿ ಹೆಜ್ಜೆಯಲ್ಲೂ ವೋಲ್ಟೇಜ್ ಬದಲಿಸುತ್ತ ಸೆಳೆತದ ಪ್ಯಾರಾಬೋಲಾ ತೆಗೆದು, ಸೆಳೆತ ಅತಿ ಕಮ್ಮಿಯಾಗುವ ವೋಲ್ಟೇಜ್ ಹೊಸದಾಗಿ ಹುಡುಕುತ್ತೇನೆ. ಒಂದು ರಾತ್ರಿಗೆ ಒಂದೇ ಕರ್ವ್ ಆಗುತ್ತದೆ, ಆಗಲಿ.

ದುಡ್ಡು ಹೋದದ್ದು ಕ್ಯಾಂಟಿಲಿವರ್‌ಗೆ, ಅಂದರೆ ಗುಂಡು ಅಂಟಿಸುವ ಸಣ್ಣ ಬಾಗುವ ಪಟ್ಟಿಗೆ. ಒಂದಕ್ಕೆ ಎರಡೂವರೆ ಸಾವಿರ, 14 ಹಾಳು ಮಾಡಿದೆ. ಅರ್ಧ ಅಂಟಿನಿಂದ ಹೋದವು. ಅಂಟು ಸ್ವಲ್ಪ ಜಾಸ್ತಿಯಾದರೂ ಗುಂಡಿನ ಮೇಲೆ ಹತ್ತಿಬಿಡುತ್ತದೆ. ಸೂಜಿ ಬಿಟ್ಟು ಕಣ್ಣಿನ ರೆಪ್ಪೆಗೂದಲಿಂದ ಗುಂಡು ಎತ್ತಲು ಶುರು ಮಾಡಿದ ಮೇಲೆ ಸರಿಹೋಯಿತು. ಉಳಿದರ್ಧ 60 ನ್ಯಾನೋಮೀಟರ್ ಹತ್ತಿರ ಟಪ್ಪಂತ ಅಂಟಿಕೊಂಡು, ತುದಿಯ ಚಿನ್ನ ಕಿತ್ತುಬಂದು ಹೋದವು. ದೂರ ತಿಳಿಯಲು ಮುಟ್ಟಿಸಿ ನೋಡುವುದನ್ನೇ ಈಗ ಬಿಟ್ಟಿದ್ದೇನೆ. ವೋಲ್ಟೇಜ್ ಕೊಟ್ಟು ಬಂದ ಕರ್ವ್‌ನಿಂದಲೇ ದೂರ ತೆಗೆಯುತ್ತೇನೆ.

ಅಲುಗಾಟ ತಡೆಯುವ ಟೇಬಲ್‌ಗೆ ಆರು ಲಕ್ಷದ ಕೊಟೇಶನ್ ಬಂತು. ಜಿಗಣಿಯಿಂದ ಗ್ರಾನೈಟ್ ಚಪ್ಪಡಿ ತಂದು ನಾಲ್ಕು ಸ್ಕೂಟರ್ ಟ್ಯೂಬ್ ಮೇಲೆ ಕೂರಿಸಿದೆ. ಐದು ಸಾವಿರದೊಳಗೆ ಮುಗಿಯಿತು. ಲಿಫ್ಟ್ ನಿಲ್ಲಿಸಿ, ರಾತ್ರಿ ಒಂದರಿಂದ ನಾಲ್ಕರವರೆಗೆ ಅಳತೆ.

ಮಧ್ಯೆ ಸುಮ್ನೆ ಐಟಿಓ (ವಿದ್ಯುತ್ ಹರಿಯುವ ಪಾರದರ್ಶಕ ಪದರ) ಹಚ್ಚಿದ ಗಾಜನ್ನೂ ಇಟ್ಟು ನೋಡಿದೆ. ಸೆಳೆತ 70ಕ್ಕೆ ಇಳಿಯಿತು, ಹತ್ತಿರ ಹತ್ತಿರ ಅರ್ಧ. ಅದನ್ನು ಇನ್ನೂ ಮುಂದುವರಿಸಬೇಕು.

10 ನ್ಯಾನೋಮೀಟರ್‌ನಲ್ಲಿ ಚಿನ್ನ ದ್ವೀಪದ ಹಾಗೆ ಒಡೆದು ಕೂರುತ್ತದೆ, ಅಲ್ವಾ? ನನ್ನದು ಒಡೆಯಲಿಲ್ಲ. ಕೆಳಗೆ ಏನು ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೋದ ತಿಂಗಳು ಆ ಹಿರಿಯರೇ ರಾತ್ರಿ ಬಂದು ಕೂತರು. ತೆಳು ಪದರ ಬೆಳಕಿಗೆ ಹಿಡಿದರೆ ಹಸಿರುನೀಲಿ ಕಾಣುತ್ತದಲ್ಲ, ಅದಕ್ಕೇ ನನ್ನನ್ನು ಹೊರಗೆ ನಿಲ್ಲಿಸಿ ತಾವೇ ಸ್ಯಾಂಪಲ್ ಹಾಕಿದರು. ಎರಡು ರಾತ್ರಿ, ಎರಡು ಸ್ಯಾಂಪಲ್. ಎರಡನೇ ರಾತ್ರಿ ಮೂರೂವರೆಗೆ "ಸರ್, ತೆಳು ಇರೋದು ಇವತ್ತಿನದು" ಅಂದೆ. ಅವರು ಜೇಬಿನಿಂದ ಚೀಟಿ ತೆಗೆದು ಟೇಬಲ್ ಮೇಲಿಟ್ಟರು. "10" ಅಂತ ಬರೆದಿತ್ತು.