ವ್ಯಾನಿನ ಫ್ರಿಜ್ ಆಫ್ ಆಗುತ್ತಿದ್ದದ್ದು ಬ್ಯಾಟರಿಯಿಂದಲ್ಲ

ಗೂಡ್ಸ್ ವ್ಯಾನನ್ನು ಕ್ಯಾಂಪರ್ (ಒಳಗೇ ಉಳಿದುಕೊಳ್ಳಬಹುದಾದ ಗಾಡಿ) ಮಾಡಿಕೊಂಡ ಮೇಲೆ ಒಂದೇ ಕಾಟ: 12 ವೋಲ್ಟ್ ಫ್ರಿಜ್ ನಡುರಾತ್ರಿ ಆಫ್ ಆಗುತ್ತಿತ್ತು. ಬ್ಯಾಟರಿ ಬದಲಿಸು ಅಂದರು ಎಲ್ಲರೂ. ಸುಮ್ನೆ ದುಡ್ಡು ಸುರಿಯುವ ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಕಂಪ್ರೆಸರ್ ಓಡುವಾಗ ಬ್ಯಾಟರಿಯಲ್ಲಿ 12.2 ವೋಲ್ಟ್, ಫ್ರಿಜ್ ಹತ್ತಿರ 11.4. ಉಳಿದದ್ದನ್ನು ವೈರೇ ತಿನ್ನುತ್ತಿತ್ತು! 1.5 ಚದರ ಮಿ.ಮೀ. ವೈರ್, ಪ್ಲಸ್ಸು ಮೈನಸ್ಸು ಸೇರಿ 12 ಮೀಟರ್. ಮನೆಯ 230 ವೋಲ್ಟಿನಲ್ಲಿ ಇಷ್ಟು ಇಳಿದರೆ ಗೊತ್ತೇ ಆಗುವುದಿಲ್ಲ. 12ರಲ್ಲಿ ಜಾಸ್ತಿಯೇ ಅಲ್ವಾ? ಬ್ಯಾಟರಿ ಖಾಲಿಯಾಯಿತು ಅಂದುಕೊಂಡು ಫ್ರಿಜ್ ತಾನೇ ನಿಲ್ಲುತ್ತದೆ. 6 ಚದರ ಮಿ.ಮೀ. ತಾಮ್ರದ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿದೆ. ಫ್ರಿಜ್ ಸಿಕ್ಕಿಸಿದ್ದ ಸಿಗರೇಟ್ ಲೈಟರ್ ಸಾಕೆಟ್ಟನ್ನೂ ಕಿತ್ತೆ. ಸಡಿಲವಾದರೆ ಬಿಸಿಯಾಗುವ ವಸ್ತು ಅದು. ಈಗ ಇಳಿಯುವುದು ಸುಮಾರು 0.2 ವೋಲ್ಟ್. ಫ್ರಿಜ್ ಬೆಳಗಿನವರೆಗೂ ಓಡುತ್ತದೆ, ಹಳೇ ಬ್ಯಾಟರಿಯಲ್ಲೇ.