ರಬ್ಬರ್ ಮರದ ಕವಲಿಗೆ ಪಿಂಕ್ ರೋಗ: ಬೇಗ ಹಿಡಿಯುವುದು ಹೇಗೆ?

ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಕಿರುವವರೇ, ಜುಲೈ ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟ ದಿನ ತೋಟಕ್ಕೆ ಹೋದರೆ ಕತ್ತೆತ್ತಿ ಕವಲು ನೋಡಿ. ಪಿಂಕ್ ರೋಗ ಹೆಚ್ಚಾಗಿ ಶುರುವಾಗುವುದು ಅಲ್ಲೇ, ಕೊಂಬೆ ಒಡೆಯುವ ಸಂದಿನಲ್ಲಿ ನೀರಿನ ಪಸೆ ಬೇಗ ಆರುವುದಿಲ್ಲ ಅಲ್ವಾ. 2ರಿಂದ 12 ವರ್ಷದ ಮರಗಳಿಗೆ ಕಾಟ ಜಾಸ್ತಿ. ಆರ್‌ಆರ್‌ಐಐ 105 ತಳಿಗಂತೂ ಸುಲಭವಾಗಿ ಹತ್ತುತ್ತದೆ, ವಾರಕ್ಕೊಮ್ಮೆ ನೋಡಲೇಬೇಕು.

ಮೊದಲು ಜೇಡರ ಬಲೆಯಂಥ ಬಿಳಿ ಎಳೆ ಕಾಣುತ್ತದೆ, ತೊಗಟೆಯಿಂದ ಹಾಲು ಗೆರೆಗೆರೆಯಾಗಿ ಇಳಿದಿರುತ್ತದೆ. ಆಮೇಲೆ ಆ ಜಾಗ ಗುಲಾಬಿ ಬಣ್ಣಕ್ಕೆ ತಿರುಗಿ, ತೊಗಟೆ ಕೊಳೆತು ಬಿರಿಯುತ್ತದೆ. ಕವಲಿನ ಕೆಳಗೆ ಹೊಸ ಚಿಗುರು ಬಂದರೆ ಖುಷಿಪಡಬೇಡಿ, ಮೇಲಿನ ಕೊಂಬೆ ಸಾಯುತ್ತಿರಬಹುದು.

ಬೂದು ಬಣ್ಣದ ಕಲ್ಲುಹೂವು ಕಂಡರೆ ಹೆದರಬೇಡಿ, ಅದರಿಂದ ಮರಕ್ಕೆ ತೊಂದರೆ ಇಲ್ಲ. ಪಿಂಕ್ ರೋಗದ ಬೂಸ್ಟು ಎರಿಥ್ರಿಸಿಯಂ ಕುಲದ್ದು. ಇದೇ ಕುಲದ ಇನ್ನೊಂದು ಬೂಸ್ಟು ಯುರೋಪಿನಲ್ಲಿ ಕಲ್ಲುಹೂವಿನ ಮೇಲೇ ಬೆಳೆದು ಅದನ್ನೇ ಕೊಲ್ಲುತ್ತದೆ! ನಮ್ಮದು ತೊಗಟೆಗೇ ಬಾಯಿ ಹಾಕುವ ಜಾತಿ, ಕಾಫಿ, ಕೋಕೋ, ಕಿತ್ತಳೆ ಗಿಡಗಳನ್ನೂ ಬಿಡುವುದಿಲ್ಲ.

ಮದ್ದು ಬೋರ್ಡೋ ಪೇಸ್ಟ್. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ದ್ರಾವಣ ಮಾಡಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ, ಆದರೆ ಪೇಸ್ಟ್ ಅದರ ಹತ್ತು ಪಟ್ಟು ಗಟ್ಟಿ. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಬೇರೆ ಬಕೆಟ್‌ನಲ್ಲಿ 100 ಗ್ರಾಂ ಸುಟ್ಟ ಸುಣ್ಣವನ್ನು ಅರ್ಧ ಲೀಟರ್ ನೀರಿನಲ್ಲಿ ಕದಡಿ ತಣ್ಣಗಾಗಲು ಬಿಡಿ. ಬಕೆಟ್ ಪ್ಲಾಸ್ಟಿಕ್ಕಿನದೇ ಇರಲಿ. ತುತ್ತಿನ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕೋಲಿನಲ್ಲಿ ಕಲಕಿ. ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡಿ, ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಮಾಡಿದ್ದನ್ನು ಅವತ್ತೇ ಬಳಸಿ.

ರೋಗದ ಜಾಗದಿಂದ ಮೇಲಕ್ಕೂ ಕೆಳಕ್ಕೂ 30 ಸೆಂ.ಮೀ. ದಾಟುವಷ್ಟು ಬಳಿಯಿರಿ. ಪೇಸ್ಟ್ ಒಣಗಿದ ಮೇಲೆ ಸತ್ತ ತೊಗಟೆ ಕೆರೆದು ತೆಗೆದು, ಮತ್ತೊಮ್ಮೆ ಬಳಿಯಿರಿ. ಒಣಗಿಹೋದ ಕೊಂಬೆಯನ್ನು ತೋಟದಲ್ಲಿ ಬಿಡದೆ, ಮಳೆ ಮುಗಿದ ಮೇಲೆ ಕಡಿದು ಸುಡಿ.

ಟ್ಯಾಪಿಂಗ್ (ತೊಗಟೆ ಕೊಯ್ದು ಹಾಲು ಇಳಿಸುವುದು) ನಡೆಯುವ ಮರದ ಮೇಲೆ ಮಾತ್ರ ಈ ಪೇಸ್ಟ್ ಬೇಡ. ಮೈಲುತುತ್ತಿನಲ್ಲಿರುವ ತಾಮ್ರ ಹಾಲಿಗೆ ಸೇರಿದರೆ ರಬ್ಬರ್ ಕೆಡುತ್ತದೆ, ಅಂಥ ಮರಗಳಿಗೆ ಥೈರಾಮ್ ಎಂಬ ಬೂಸ್ಟುನಾಶಕ ಕಲಸಿ ಹಚ್ಚುವುದೇ ವಾಸಿ.